ಅಂಥದ್ದೇನೂ ಇಲ್ಲ

ನಮ್ಮ ಸೋದರತ್ತೆ ಪ್ರತಿ ಸಿನಿಮಾವನ್ನೂ ಎರಡು ಸಲ ನೋಡುತ್ತಿದ್ದರು. ಮೊದಲ ಸಲ ವಠಾರದ ಇನ್ನೊಬ್ಬ ಹೆಂಗಸಿನ ಜೊತೆ, ಟೆಂಟಿನ ಮೊದಲ ಆಟಕ್ಕೆ. ಮಾರನೆಯ ಬೆಳಿಗ್ಗೆ ಅಕ್ಕಿ ಆರಿಸುತ್ತಾ ತೀರ್ಪು ಕೊಡುತ್ತಿದ್ದರು. ‘ಅಂಥದ್ದೇನೂ ಇಲ್ಲ’ ಎಂದರೆ ಮಕ್ಕಳು ನೋಡಬಹುದು. ‘ಅದೆಲ್ಲಾ ಬೇಡ’ ಎಂದರೆ ನಮ್ಮ ಪಾಲಿಗೆ ಆ ಚಿತ್ರ ಇಲ್ಲ. ಎರಡರ ನಡುವೆ ಮೂರನೆಯದೊಂದಿತ್ತು: ‘ನೋಡಬಹುದು, ಆದರೆ ಮಧ್ಯೆ ಒಂದು ಸಲ ಕಡಲೆಕಾಯಿಗೆ ಕಳಿಸಬೇಕು.’ ಆಮೇಲೆ ನಮ್ಮನ್ನು ಕರೆದುಕೊಂಡು ಎರಡನೆಯ ಸಲ ಹೋಗುತ್ತಿದ್ದರು.

ಇದು 1960ರ ದಶಕದ ನಡುವಿನ ಮಾತು. ಮತ್ತಿಕೆರೆ ಆಗಿನ್ನೂ ಅರ್ಧ ಹಳ್ಳಿ. ಜಾಲಹಳ್ಳಿಯಲ್ಲಿ 1953ರಲ್ಲಿ ಎಚ್‌ಎಂಟಿ, ಮರುವರ್ಷ ಬಿಇಎಲ್ ಬಂದ ಮೇಲೆ ಕಾರ್ಖಾನೆಯವರು ಬಾಡಿಗೆ ಮನೆ ಹುಡುಕಿಕೊಂಡು ಈ ಕಡೆ ಬಂದರು. ರಾಗಿ ಹೊಲದ ಪಕ್ಕದಲ್ಲಿ ವಠಾರಗಳೆದ್ದವು. ಇತ್ತ ಇಲ್ಲಿಯವರೇ ಆದ ಎಂ.ಎಸ್. ರಾಮಯ್ಯನವರ ಇಂಜಿನಿಯರಿಂಗ್ ಕಾಲೇಜು 1962ರಲ್ಲಿ ಶುರುವಾಗಿತ್ತು. ಅವರ ಹೆಸರಿನ ಮೊದಲ ಅಕ್ಷರವೇ ಮತ್ತಿಕೆರೆ. ನಮ್ಮಪ್ಪ ಎಚ್‌ಎಂಟಿಯಲ್ಲಿ ಪಾಳಿ ಕೆಲಸದವರು. ಅತ್ತೆ ಅಪ್ಪನ ತಂಗಿ. ಮದುವೆಯಾಗಿ ಎರಡೇ ವರ್ಷಕ್ಕೆ, ಇಪ್ಪತ್ತೊಂದರ ವಯಸ್ಸಿನಲ್ಲಿ, ಬರಿಯ ಹಣೆಯಲ್ಲಿ ತವರಿಗೆ ಮರಳಿದವರು. ಅಡುಗೆ, ನೀರು, ನಾವು ನಾಲ್ಕು ಮಕ್ಕಳು, ಇಷ್ಟೇ ಅವರ ಪ್ರಪಂಚ. ಜೊತೆಗೆ ಈ ಪರೀಕ್ಷೆಯ ಕೆಲಸ.

ಟೆಂಟು ಇದ್ದದ್ದು ಯಶವಂತಪುರದ ಕಡೆ, ರೈಲ್ವೆ ಗೇಟು ದಾಟಿ ನಡೆಯಬೇಕು. ಘಂಟಸಾಲರ ‘ನಮೋ ವೆಂಕಟೇಶ’ ಮೈಕಿನಲ್ಲಿ ಕೇಳಿಸಿತೆಂದರೆ ಟಿಕೆಟ್ಟು ಕೊಡಲು ಶುರು ಎಂದರ್ಥ, ಆಗ ಓಟ. ನೆಲ, ಬೆಂಚು, ಕುರ್ಚಿ ಎಂದು ಮೂರು ದರ್ಜೆ, ನಮ್ಮದು ನೆಲ. ಮರಳು ಗುಡ್ಡೆ ಮಾಡಿಕೊಂಡು ಅದರ ಮೇಲೆ ಕೂತರೆ ಮುಂದಿನವರ ತಲೆ ಅಡ್ಡ ಬರುತ್ತಿರಲಿಲ್ಲ. ಚಿತ್ರಕ್ಕೆ ಮೊದಲು ಪರದೆಯ ಮೇಲೆ ಸೆನ್ಸಾರ್ ಸರ್ಟಿಫಿಕೇಟು ಬರುತ್ತಿತ್ತು. ನಾವು ಮಕ್ಕಳು ಅದರಲ್ಲಿ ನೋಡುತ್ತಿದ್ದದ್ದು ರೀಲಿನ ಲೆಕ್ಕ ಮಾತ್ರ. ಹದಿನಾರು ರೀಲು ಎಂದಿದ್ದರೆ ಸಿಳ್ಳೆ. ಅತ್ತೆ ನೋಡುತ್ತಿದ್ದದ್ದು ಅಕ್ಷರವನ್ನು. ಇಂಗ್ಲಿಷ್ ಬಾರದ ಅವರಿಗೆ ‘ಯು’ ಎಂದರೆ ಅಯ್ಯಂಗಾರರ ನಾಮ, ‘ಎ’ ಎಂದರೆ ಏಣಿ. ನಾಮವಿದ್ದರೆ ಕೂತುಕೋ, ಏಣಿ ಇದ್ದರೆ ಎದ್ದು ಬಾ.

ಈ ಎರಡು ಅಕ್ಷರಗಳಿಗೂ ಚರಿತ್ರೆಯಿದೆ. ಚಲನಚಿತ್ರ ತೋರಿಸಲು ಸರ್ಕಾರದ ಒಪ್ಪಿಗೆ ಬೇಕೆಂಬ ಕಾನೂನನ್ನು ಬ್ರಿಟಿಷರು ತಂದದ್ದು 1918ರಲ್ಲಿ. ಆಗ ಅವರ ಚಿಂತೆ ಮಕ್ಕಳದ್ದಲ್ಲ, ತಮ್ಮ ಆಳ್ವಿಕೆಯದ್ದು. ಎಲ್ಲರಿಗೂ ಒಂದು ಅಕ್ಷರ, ದೊಡ್ಡವರಿಗೆ ಮಾತ್ರ ಇನ್ನೊಂದು ಎಂಬ ವಿಂಗಡಣೆ ಬಂದದ್ದು ಸ್ವಾತಂತ್ರ್ಯದ ನಂತರ. 1952ರ ಚಲನಚಿತ್ರ ಕಾಯ್ದೆ ಅದನ್ನು ಗಟ್ಟಿ ಮಾಡಿತು. ಕನ್ನಡ ಚಿತ್ರಗಳು ಆಗ ಹೆಚ್ಚಾಗಿ ತಯಾರಾಗುತ್ತಿದ್ದದ್ದೇ ಮದ್ರಾಸಿನಲ್ಲಿ. ಅಲ್ಲಿ ಯಾರೋ ಕೂತು ಒತ್ತಿದ ಮುದ್ರೆ ನಮ್ಮ ಟೆಂಟಿನ ತೇಪೆ ಹಾಕಿದ ಪರದೆಗೆ ಬರುತ್ತಿತ್ತು. ಅತ್ತೆಗೆ ಅದರ ಮೇಲೆ ಅರ್ಧ ನಂಬಿಕೆ. ‘ಅವರಿಗೇನು ಗೊತ್ತು ನಮ್ಮನೆ ಮಕ್ಕಳು’ ಎನ್ನುತ್ತಿದ್ದರು.

ಅಜ್ಜಿಗೆ ಈ ಗೊಡವೆಯೇ ಅರ್ಥವಾಗುತ್ತಿರಲಿಲ್ಲ. ತುಮಕೂರಿನ ಕಡೆಯವಳಾದ ಅವಳು ಗುಬ್ಬಿ ಕಂಪನಿಯ ನಾಟಕ ನೋಡಿ ಬೆಳೆದವಳು. ಅವಳ ಮೆಚ್ಚಿನದು ‘ಸದಾರಮೆ’. ಬೆಳ್ಳಾವೆ ನರಹರಿ ಶಾಸ್ತ್ರಿಗಳು ಬರೆದ ಈ ನಾಟಕವನ್ನು ಕನ್ನಡದ ಮೊದಲ ಪ್ರಣಯ ಪ್ರಹಸನ ಎಂದು ಕರೆಯಲು ನನಗೆ ಆಸೆ. ರಾಜಕುಮಾರ ಜಯವೀರ ವರ್ತಕನ ಮಗಳು ಸದಾರಮೆಯನ್ನು ಮೆಚ್ಚುತ್ತಾನೆ. ಮದುವೆ, ಬಡತನ, ಅಗಲಿಕೆ. ಕಳ್ಳನೊಬ್ಬ ಅವಳನ್ನು ಹಾರಿಸಿಕೊಂಡು ಹೋಗುತ್ತಾನೆ. ಅವಳು ಅವನಿಗೇ ಟೋಪಿ ಹಾಕಿ ಗಂಡುವೇಷ ತೊಟ್ಟು ಪಾರಾಗುತ್ತಾಳೆ. ಆ ಕಳ್ಳನ ಪಾತ್ರದಲ್ಲಿ ಗುಬ್ಬಿ ವೀರಣ್ಣ ಮನೆಮಾತಾದರು. ಅವರ ಮೊಮ್ಮಗಳು ಬಿ. ಜಯಶ್ರೀ ಮುಂದೆ ಅದೇ ಕಳ್ಳನಾಗಿ ರಂಗಕ್ಕೆ ಬಂದರು. ಕನ್ನಡದಲ್ಲಿ ಮಾತಿನ ಚಿತ್ರ ಹುಟ್ಟಿದ ಮರುವರ್ಷ, 1935ರಲ್ಲೇ, ಅದು ಸಿನಿಮಾ ಆಯಿತು. 1956ರಲ್ಲಿ ಕು.ರ. ಸೀತಾರಾಮ ಶಾಸ್ತ್ರಿಗಳು ಮತ್ತೆ ತೆಗೆದರು.

ಇವತ್ತಿನ ಪಟ್ಟಿ ಹಿಡಿದು ಅಳೆದರೆ ‘ಸದಾರಮೆ’ಯಲ್ಲಿ ಏನಿಲ್ಲ? ಅಪಹರಣವಿದೆ, ಮೋಸವಿದೆ, ಮದುವೆಯಾದ ಹೆಣ್ಣಿನ ಹಿಂದೆ ಬೀಳುವ ಗಂಡಸರಿದ್ದಾರೆ. ಆದರೂ ಹೆಂಗಸರ ಕಡೆಯ ಚಾಪೆಯ ತುಂಬಾ ಮಕ್ಕಳು. ಹೇಗಜ್ಜಿ ಎಂದು ಕೇಳಿದರೆ ಅವಳ ಉತ್ತರ ಸರಳ. ಕಂಪನಿ ನಾಟಕ ರಾತ್ರಿ ಊಟವಾದ ಮೇಲೆ ಶುರುವಾಗಿ ಬೆಳಗಿನ ಜಾವದ ತನಕ. ಮೂರನೇ ಹಾಡಿಗೆ ಮಕ್ಕಳೆಲ್ಲ ಮಡಿಲಲ್ಲಿ ನಿದ್ದೆ. ಕಳ್ಳ ಬಂದಾಗ ಅಮ್ಮಂದಿರು ತಟ್ಟಿ ಎಬ್ಬಿಸುತ್ತಿದ್ದರು: ‘ಏಳೇ, ಕಳ್ಳ ಬಂದ.’ ನಕ್ಕು ಸಾಕಾದ ಮೇಲೆ ಮತ್ತೆ ನಿದ್ದೆ. ಅಜ್ಜಿ ‘ಸದಾರಮೆ’ಯನ್ನು ಐದಾರು ಸಲ ನೋಡಿದ್ದಳು. ಆದರೆ ಮದುವೆಯಾಗುವ ತನಕ ಅದು ಕಳ್ಳನ ಕಥೆ ಎಂದೇ ತಿಳಿದಿದ್ದಳಂತೆ. ಪ್ರಣಯವಿದೆ ಎಂದು ಗೊತ್ತಾದದ್ದು ಆಮೇಲೆ, ನಿದ್ದೆಗೆಟ್ಟು ನೋಡಿದಾಗ.

ಟೆಂಟಿನ ಆಟ ಮಕ್ಕಳು ನಿದ್ದೆ ಹೋಗುವಷ್ಟು ಉದ್ದವಿರಲಿಲ್ಲ. ಆದ್ದರಿಂದ ಕಡಲೆಕಾಯಿ ಬೇಕಾಯಿತು.

ಅತ್ತೆಯ ಕೈಯಲ್ಲಿ ಅಪ್ಪ ಕೊಡಿಸಿದ ಎಚ್‌ಎಂಟಿ ಗಡಿಯಾರ. ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ 1961ರಲ್ಲಿ ಗಡಿಯಾರ ಶುರುವಾದಾಗ ವಠಾರದಲ್ಲಿ ಅದೇ ಸುದ್ದಿ. ಮೊದಲ ನೋಟದಲ್ಲೇ ಅತ್ತೆ ಮಕ್ಕಳು ನೋಡಬಾರದ ಜಾಗದ ಹೊತ್ತು ಗುರುತು ಹಾಕಿಕೊಳ್ಳುತ್ತಿದ್ದರು. ಎರಡನೆಯ ಸಲ ಸರಿಯಾಗಿ ಅದೇ ಹೊತ್ತಿಗೆ ಸೆರಗಿನ ಗಂಟಿನಿಂದ ಹತ್ತು ಪೈಸೆ ಬಿಚ್ಚಿ, ‘ಹೋಗ್ರೋ, ಕಡಲೆಕಾಯಿ ತನ್ನಿ.’ ನಾಲ್ವರನ್ನೂ ಒಟ್ಟಿಗೆ. ಟೆಂಟಿನಲ್ಲಿ ಒಂದೇ ಪ್ರೊಜೆಕ್ಟರ್, ರೀಲು ಬದಲಿಸುವಾಗಲೆಲ್ಲ ಆಟ ನಿಲ್ಲುತ್ತಿತ್ತು. ಆಪರೇಟರ್ ಬೀಡಿ ಹಚ್ಚಿದನೆಂದರೆ ಅತ್ತೆಯ ಲೆಕ್ಕವೆಲ್ಲ ತಲೆಕೆಳಗು. ಒಮ್ಮೆ ಹೀಗೇ ಆಗಿ, ಪೊಟ್ಟಣ ಹಿಡಿದು ಬರುವಾಗ ಎದುರಿನ ಪರದೆಯಲ್ಲೇ ಎರಡು ಹೂವು ತಲೆಗೆ ತಲೆ ತಾಗಿಸುತ್ತಿದ್ದವು. ನನ್ನ ತಮ್ಮ, ‘ಗಾಳಿ ಜಾಸ್ತಿ’ ಎಂದ.

ನಮ್ಮೂರಿನ ಜನಕ್ಕೆ ತೆಲುಗು ಪರಭಾಷೆಯಲ್ಲ. ಹಳೆಯ ತೆಲುಗು ಚಿತ್ರಗಳು ಟೆಂಟಿಗೆ ಮತ್ತೆ ಮತ್ತೆ ಬರುತ್ತಿದ್ದವು. 1951ರ ‘ಪಾತಾಳ ಭೈರವಿ’ ಹಾಗೆ ಬಂದಾಗ ಅತ್ತೆಯ ತೀರ್ಪು ನಿರಾತಂಕವಾಗಿತ್ತು: ಅಂಥದ್ದೇನೂ ಇಲ್ಲ. ತೋಟದವಳ ಮಗನಿಗೆ ರಾಜಕುಮಾರಿಯ ಮೇಲೆ ಪ್ರೀತಿ, ಅವನನ್ನು ಬಲಿ ಕೊಡಲು ಕಾದಿರುವ ನೇಪಾಳದ ಮಾಂತ್ರಿಕ. ಎಸ್.ವಿ. ರಂಗರಾವ್ ಆ ಮಾಂತ್ರಿಕನಾಗಿ ಗಡ್ಡ ನೀವಿಕೊಂಡು ನಕ್ಕದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ. ತಿಂಗಳು ಕಾಲ ರಾತ್ರಿ ಹಿತ್ತಲಿಗೆ ಒಬ್ಬಳೇ ಹೋಗಲಿಲ್ಲ. ಚಾದರದೊಳಗೂ ಗಡ್ಡ ಕಾಣುತ್ತಿತ್ತು. ಅತ್ತೆ ಪೆಚ್ಚಾದರು. ‘ಅಯ್ಯೋ, ಅದರಲ್ಲಿ ಅಂಥದ್ದೇನೂ ಇರಲಿಲ್ಲವಲ್ಲ!’ ಇರಲಿಲ್ಲ ನಿಜ. ಅವರು ಹುಡುಕಿದ್ದು ಒಂದನ್ನು, ನಾನು ಹೆದರಿದ್ದು ಇನ್ನೊಂದಕ್ಕೆ.

ಸಿನಿಮಾಕ್ಕಿದ್ದ ಈ ಕಾವಲು ಪುಸ್ತಕಕ್ಕೆ ಇರಲಿಲ್ಲ. ‘ಚಂದಮಾಮ’ ಕನ್ನಡದಲ್ಲಿ 1949ರಿಂದಲೂ ಬರುತ್ತಿತ್ತು. ಅದನ್ನು ತರುತ್ತಿದ್ದ ನಾಗಿರೆಡ್ಡಿ–ಚಕ್ರಪಾಣಿ ಜೋಡಿಯೇ ‘ಪಾತಾಳ ಭೈರವಿ’ಯನ್ನೂ ತಯಾರಿಸಿದ್ದು. ‘ಚಂದಮಾಮ’ಕ್ಕೆ ಶಂಕರ್ ಬರೆದ ಚಿತ್ರದಲ್ಲಿ ಕತ್ತಿ ಹಿಡಿದ ವಿಕ್ರಮ, ಹೆಗಲ ಮೇಲೆ ಹೆಣ. ಬೇತಾಳನ ಕಥೆಗಳಲ್ಲಿ ಬಹಳಷ್ಟು ಹುಡುಗ ಹುಡುಗಿಯರದ್ದೇ. ಹಳೆಯದೊಂದು ಹೀಗಿದೆ: ಒಬ್ಬಳಿಗೆ ಮೂವರು ವರರು, ಮದುವೆಗೆ ಮುಂಚೆಯೇ ಅವಳು ತೀರಿಕೊಳ್ಳುತ್ತಾಳೆ. ಒಬ್ಬ ಅವಳ ಮೂಳೆಗಳನ್ನು ಗಂಗೆಗೆ ಒಯ್ಯುತ್ತಾನೆ. ಇನ್ನೊಬ್ಬ ಚಿತಾಭಸ್ಮದ ಮೇಲೇ ಮಲಗಿ ದಿನ ಕಳೆಯುತ್ತಾನೆ. ಮೂರನೆಯವನು ಊರೂರು ಅಲೆದು ಸಂಜೀವಿನಿ ಮಂತ್ರ ತಂದು ಬದುಕಿಸುತ್ತಾನೆ. ಅವಳು ಯಾರ ಹೆಂಡತಿ? ಬದುಕಿಸಿದವನು ತಂದೆಯ ಸಮಾನ, ಮೂಳೆ ಒಯ್ದವನು ಮಗನ ಸಮಾನ, ಬೂದಿಯ ಮೇಲೆ ಮಲಗಿದವನೇ ಗಂಡ ಎಂದು ವಿಕ್ರಮ ತೀರ್ಮಾನಿಸುತ್ತಾನೆ. ಸುಡುಗಾಡು, ಹೆಣ, ಪ್ರೇಮ ಎಲ್ಲ ಇದ್ದರೂ ಇದನ್ನು ಓದಬೇಡ ಎಂದು ಯಾರೂ ಹೇಳಲಿಲ್ಲ. 1966ರಲ್ಲಿ ಬೇತಾಳನ ಕಥೆಯನ್ನೇ ಹಿಡಿದು ರಾಜಕುಮಾರ್, ಭಾರತಿ ನಟಿಸಿದ ‘ಮಧುಮಾಲತಿ’ ಬಂದಾಗ ಮಾತ್ರ ಅತ್ತೆ ಗಡಿಯಾರ ಕಟ್ಟಿಕೊಂಡು ಹೊರಟರು.

ಮುಂದೆ ನಾನು ಮೇಷ್ಟ್ರ ಕೆಲಸಕ್ಕೆ ಸೇರಿದೆ. ಐದನೇ ಕ್ಲಾಸಿನಲ್ಲಿ ಈ ಕಥೆ ಹೇಳಿ, ಗಂಡ ಯಾರು ಹೇಳಿ ನೋಡೋಣ ಎಂದೆ. ಮೂವರ ಹೆಸರಿಗೂ ಕೈ ಎದ್ದವು. ಕೊನೆಯ ಬೆಂಚಿನ ಹುಡುಗಿಯೊಬ್ಬಳು ಎದ್ದು, ‘ಅವಳು ಬದುಕಿದಾಳಲ್ಲ ಮಿಸ್, ಅವಳನ್ನೇ ಕೇಳಿದ್ರಾಯ್ತು’ ಎಂದಳು. ಅಷ್ಟು ಶತಮಾನ ಬೇತಾಳನಿಗೂ ಹೊಳೆಯದ್ದು, ವಿಕ್ರಮನಿಗೂ ಹೊಳೆಯದ್ದು.

1983ರಲ್ಲಿ ಸೆನ್ಸಾರ್ ಮಂಡಳಿ ಪ್ರಮಾಣೀಕರಣ ಮಂಡಳಿ ಎಂದು ಹೆಸರು ಬದಲಿಸಿಕೊಂಡಿತು. ಜನ ಇವತ್ತಿಗೂ ಸೆನ್ಸಾರ್ ಎಂದೇ ಅನ್ನುತ್ತಾರೆ. ಅದೇ ವರ್ಷ ‘ಯು/ಎ’ ಎಂಬ ಹೊಸ ದರ್ಜೆ ಬಂತು: ಹನ್ನೆರಡಕ್ಕಿಂತ ಚಿಕ್ಕವರು ನೋಡಬಹುದು, ಆದರೆ ಹೆತ್ತವರು ಯೋಚಿಸಿ ತೋರಿಸಲಿ. ಪೇಪರಿನಲ್ಲಿ ಇದನ್ನು ಓದಿ ಹೇಳಿದಾಗ ಅತ್ತೆ ನಕ್ಕರು. ‘ನಾಮಾನೂ ಏಣೀನೂ ಒಟ್ಟಿಗೇ ಇಟ್ರಾ? ಕಡಲೆಕಾಯಿ ಅಂತ ಹಾಕ್ಬೇಕಿತ್ತು.’

ಇಷ್ಟರಲ್ಲಿ ಟೆಂಟು ಹೋಗಿತ್ತು. ಬೆಂಗಳೂರು ದೂರದರ್ಶನ 1981ರಲ್ಲಿ ಶುರುವಾಗಿ, ಭಾನುವಾರದ ಸಿನಿಮಾಕ್ಕೆ ವಠಾರದವರೆಲ್ಲ ಒಂದೇ ಮನೆಯ ಹಾಲಿನಲ್ಲಿ. ಮೊದಲೇ ನೋಡಿ ಬರುವ ಹಾಗಿಲ್ಲ, ಕಳಿಸಲು ಕಡಲೆಕಾಯಿಯವನೂ ಇಲ್ಲ. ‘ಅಂಥ’ ದೃಶ್ಯ ಬಂದರೆ ಈಗ ಏಳುತ್ತಿದ್ದವರು ದೊಡ್ಡವರೇ. ಒಬ್ಬರಿಗೆ ಹಾಲು ಉಕ್ಕಿದ ವಾಸನೆ, ಇನ್ನೊಬ್ಬರಿಗೆ ಬಾಗಿಲು ಹಾಕಿದೆನೋ ಇಲ್ಲವೋ ಎಂಬ ಅನುಮಾನ.

ತೊಂಬತ್ತರ ದಶಕದಲ್ಲಿ ಕೇಬಲ್ ಬಂತು. ಒಂದು ಮಧ್ಯಾಹ್ನ ತೆಲುಗು ಚಾನೆಲ್ಲಿನಲ್ಲಿ ‘ಮಾಯಾಬಜಾರ್’. 1957ರ ಈ ಚಿತ್ರವೂ ನಾಗಿರೆಡ್ಡಿ–ಚಕ್ರಪಾಣಿಯವರದ್ದೇ, ಕೆ.ವಿ. ರೆಡ್ಡಿ ನಿರ್ದೇಶಿಸಿದ್ದು. ಅಭಿಮನ್ಯುವಿಗೂ ಶಶಿರೇಖೆಗೂ ಪ್ರೀತಿ. ಹಿರಿಯರು ಬೇರೆ ವರನನ್ನು ಗೊತ್ತು ಮಾಡಿದಾಗ ಘಟೋತ್ಕಚನೇ ಶಶಿರೇಖೆಯ ವೇಷದಲ್ಲಿ ಮದುಮಗಳಾಗಿ ಕೂರುತ್ತಾನೆ. ಸಾವಿತ್ರಿ ರಾಕ್ಷಸನ ಗತ್ತಿನಲ್ಲಿ ನಡೆದದ್ದು, ಮದುಮಗನ ಕಾಲು ತುಳಿದದ್ದು, ಇವೆಲ್ಲ ನನಗೆ ಬಾಯಿಪಾಠ. ಆದರೆ ನಡುವೆ ಒಂದು ಬೆಳದಿಂಗಳ ದೋಣಿ ಬಂತು, ಒಂದು ಹಾಡು ಬಂತು. ಇದನ್ನು ನಾನು ನೋಡಿಯೇ ಇರಲಿಲ್ಲ. ಟೆಂಟಿನಲ್ಲಿ ಆ ಹೊತ್ತಿಗೆ ನಾವು ನಾಲ್ವರೂ ಕಡಲೆಕಾಯಿಯ ಬುಟ್ಟಿಯ ಮುಂದೆ ನಿಂತಿದ್ದೆವು.

ಆ ಹಾಡಿನಲ್ಲಿ ಏನಿದೆ? ಎಳೆಯರಿಬ್ಬರು ದೋಣಿಯಲ್ಲಿ ತೇಲುತ್ತಾರೆ. ಹಿರಿಯರು, ಕೃಷ್ಣ ರುಕ್ಮಿಣಿಯರು, ಬಲರಾಮ ರೇವತಿಯರು, ಹಿಂದೆಯೇ ಬರುತ್ತಾರೆ. ಬಂದವರಿಗೂ ಬೆಳದಿಂಗಳು ತಾಗಿ ಅವರೂ ದೋಣಿ ಹತ್ತುತ್ತಾರೆ. ಅಷ್ಟೇ.

ಪಕ್ಕದಲ್ಲಿ ಅತ್ತೆ ಗೋಡೆಗೊರಗಿ ಕೂತಿದ್ದರು. ಆಗ ಐವತ್ತು ದಾಟಿತ್ತು. ‘ಇದಕ್ಕಾ ಅತ್ತೆ ನಮ್ಮನ್ನ ಓಡಿಸ್ತಿದ್ದಿದ್ದು? ಇದರಲ್ಲಿ ಅಂಥದ್ದೇನಿದೆ?’ ಎಂದೆ. ಹಾಡು ಮುಗಿಯುವ ತನಕ ಅವರು ಮಾತಾಡಲಿಲ್ಲ. ಆಮೇಲೆ, ‘ನಿಮಗೇನೂ ಆಗ್ತಿರಲಿಲ್ಲ ಕಣೇ. ನನಗೆ ಒಬ್ಬಳೇ ನೋಡಬೇಕಿತ್ತು’ ಎಂದರು.

ಅವತ್ತು ನಾನು ಹಳೆಯ ಲೆಕ್ಕವನ್ನೆಲ್ಲ ಮತ್ತೆ ಹಾಕಿದೆ. ಬರಿಯ ಹಣೆಯ ಇಪ್ಪತ್ತೈದರ ಹೆಂಗಸು, ಪ್ರೇಮದ ಸಿನಿಮಾ ನೋಡಲು ಹೋಗುತ್ತೇನೆ ಎಂದಿದ್ದರೆ ವಠಾರದ ನಲ್ಲಿಯ ಹತ್ತಿರ ಏನೇನು ಮಾತು ಹುಟ್ಟುತ್ತಿತ್ತೋ. ‘ಮಕ್ಕಳಿಗೆ ಆಗುತ್ತಾ ನೋಡಿಕೊಂಡು ಬರ್ತೀನಿ’ ಎಂದರೆ ಯಾರೂ ಕೇಳುವಂತಿಲ್ಲ, ಅಜ್ಜಿಯೇ ದುಡ್ಡು ಕೊಡುತ್ತಿದ್ದಳು. ಜೊತೆಗೆ ಹೋಗುತ್ತಿದ್ದ ನೆರೆಮನೆಯಾಕೆಗೂ ಗಂಡನ ಮುಂದೆ ಇದೇ ನೆಪವಿತ್ತೇನೋ. ಮಕ್ಕಳ ಹೆಸರಿನಲ್ಲಿ ನಡೆದ ಆ ಪರೀಕ್ಷೆಯಲ್ಲಿ ನಮ್ಮ ಪಾಲು ಕಡಲೆಕಾಯಿ. ಆಟ ಅವರದ್ದು.

ಅತ್ತೆ ಈಗಿಲ್ಲ. ಮತ್ತಿಕೆರೆಯಲ್ಲಿ ವಠಾರವೂ ಇಲ್ಲ, ಆ ಜಾಗದಲ್ಲಿ ನಾಲ್ಕು ಮಹಡಿಯ ಪಿಜಿ. 2023ರ ತಿದ್ದುಪಡಿಯ ಮೇಲೆ ಆ ‘ಕಡಲೆಕಾಯಿ’ ದರ್ಜೆಯೇ ಏಳು, ಹದಿಮೂರು, ಹದಿನಾರು ಎಂದು ಮೂರಾಗಿ ಒಡೆದಿದೆ. ಮೊಬೈಲಿನಲ್ಲಿ ನೋಡುವ ಸರಣಿಗಳಿಗೆ ಈ ಅಂಕಿಗಳು 2021ರಲ್ಲೇ ಬಂದಿದ್ದವು. ಹೋದ ತಿಂಗಳು ನನ್ನ ಏಳು ವರ್ಷದ ಮೊಮ್ಮಗಳು ‘ಎನ್‌ಚಾಂಟೆಡ್’ ನೋಡಬೇಕೆಂದು ಹಟ ಹಿಡಿದಳು. 2007ರ ಡಿಸ್ನಿ ಚಿತ್ರ. ಅಮೆರಿಕದಲ್ಲಿ ಅದಕ್ಕೆ ಕೊಟ್ಟ ದರ್ಜೆ ‘ಪಿಜಿ’ ಎಂದು ಸೊಸೆ ಹುಡುಕಿ ಹೇಳಿದಳು. ನಮ್ಮ ಬೀದಿಯಲ್ಲಿ ಪಿಜಿ ಎಂದರೆ ಊಟ, ವಸತಿ, ವೈಫೈ. ‘ಅತ್ತೆ, ನೀವೇ ಒಂದು ಸಲ ನೋಡಿಬಿಡಿ’ ಎಂದಳು.

ಮಧ್ಯಾಹ್ನ ಎಲ್ಲರೂ ಹೊರಗೆ ಹೋದ ಮೇಲೆ ಕೂತೆ. ಕಾರ್ಟೂನ್ ಲೋಕದ ಹುಡುಗಿಯೊಬ್ಬಳನ್ನು ದುಷ್ಟ ರಾಣಿ ನಿಜವಾದ ನ್ಯೂಯಾರ್ಕಿಗೆ ತಳ್ಳುತ್ತಾಳೆ. ಅಲ್ಲಿ ಅವಳು ಸಿಕ್ಕುವುದು ವಿಚ್ಛೇದನದ ವಕೀಲನಿಗೆ, ಅವನಿಗೊಂದು ಪುಟ್ಟ ಮಗಳು. ಹಾಡಿ ಕರೆದರೆ ಜಿರಲೆ, ಇಲಿಗಳು ಬಂದು ಮನೆ ಗುಡಿಸುತ್ತವೆ. ವಿಷದ ಸೇಬು ಇದೆ, ಕೊನೆಗೆ ರಾಣಿ ಬೆಂಕಿಯುಗುಳುವ ಡ್ರ್ಯಾಗನ್ ಆಗುತ್ತಾಳೆ. ನನ್ನ ಮೊಮ್ಮಗಳು ಜಿರಲೆಗೆ ಕಿರುಚುತ್ತಾಳೋ ಡ್ರ್ಯಾಗನ್‌ಗೆ ಕಣ್ಣು ಮುಚ್ಚುತ್ತಾಳೋ, ಆ ಪುಟ್ಟ ಹುಡುಗಿಯ ಅಮ್ಮ ಎಲ್ಲಿ ಎಂದು ಕೇಳುತ್ತಾಳೋ ಎಂದು ಲೆಕ್ಕ ಹಾಕುತ್ತಾ ನೋಡಿದೆ. ರಾಜಮನೆತನದ ಉಡುಪು ತೊಟ್ಟು ಎಲ್ಲರೂ ಜೋಡಿಯಾಗಿ ಕುಣಿಯುವ ದೃಶ್ಯ ಬಂದಾಗ ಲೆಕ್ಕ ಮರೆತುಹೋಯಿತು. ರಿಮೋಟು ಒತ್ತಿ ಅದನ್ನು ಮೊದಲಿನಿಂದ ಹಾಕಿಕೊಂಡೆ.

ಸಂಜೆ ಸೊಸೆ ಚಪ್ಪಲಿ ಬಿಡುತ್ತಲೇ ಕೇಳಿದಳು, ‘ನೋಡಿದ್ರಾ ಅತ್ತೆ? ಮಗೂಗೆ ಆಗುತ್ತಾ?’

‘ಅಂಥದ್ದೇನೂ ಇಲ್ಲ ಅನ್ಸುತ್ತೆ’ ಎಂದೆ. ‘ಆದ್ರೂ ನಾಳೆ ಮಧ್ಯಾಹ್ನ ಇನ್ನೊಂದು ಸಲ ನೋಡಿ ಹೇಳ್ತೀನಿ.’