ಎಪಿಕ್ಯೂರಸ್

ಗ್ರೀಕ್ ದಾರ್ಶನಿಕ (ಕ್ರಿ.ಪೂ. 341–270). ಸುಖವೇ ಬಾಳಿನ ಗುರಿ ಎಂದು ಬೋಧಿಸಿದವನು. ಆ ಸುಖವನ್ನು ಕೆಡಿಸುವುದರಲ್ಲಿ ಸಾವಿನ ಭಯ ಮೊದಲನೆಯದೆಂದು ಕಂಡು, ಅದನ್ನು ಕಳೆಯುವುದೇ ತತ್ತ್ವಶಾಸ್ತ್ರದ ಕೆಲಸವೆಂದು ನಂಬಿದವನು.

ಸಾಮೋಸ್ ದ್ವೀಪದಲ್ಲಿ ನೆಲೆಸಿದ್ದ ಅಥೆನ್ಸಿನ ದಂಪತಿಗಳ ಮಗ. ಮಿಟಿಲೀನಿ, ಲ್ಯಾಂಪ್ಸಕಸ್‌ಗಳಲ್ಲಿ ಪಾಠ ಹೇಳಿ, ಕ್ರಿ.ಪೂ. 306ರ ಸುಮಾರಿಗೆ ಅಥೆನ್ಸಿಗೆ ಬಂದು ಒಂದು ಮನೆಯನ್ನೂ ತೋಟವನ್ನೂ ಕೊಂಡ. ಪಂಥಕ್ಕೆ ‘ತೋಟ’ ಎಂಬ ಹೆಸರೇ ನಿಂತಿತು. ಅಲ್ಲಿಗೆ ಹೆಂಗಸರೂ ಗುಲಾಮರೂ ಸೇರಬಹುದಿತ್ತು. ವಿರೋಧಿಗಳು ಹಬ್ಬಿಸಿದ ಭೋಗವಿಲಾಸದ ಕತೆಗಳಿಗೆ ಇದೂ ಇಂಬು ಕೊಟ್ಟಿರಬೇಕು. ನಿಜದಲ್ಲಿ ಅಲ್ಲಿನ ಊಟ ತೀರ ಸರಳ. ಒಂದು ಕುಡಿಕೆ ಚೀಸ್ ಕಳಿಸಿಕೊಟ್ಟರೆ ಮನಸ್ಸಾದಾಗ ಹಬ್ಬ ಮಾಡಬಹುದೆಂದು ಅವನು ಗೆಳೆಯನೊಬ್ಬನಿಗೆ ಬರೆದದ್ದುಂಟು.

ಅವನ ಪ್ರಕಾರ ಮೈಗೆ ನೋವಿಲ್ಲದಿರುವುದು, ಮನಸ್ಸಿಗೆ ಕಳವಳವಿಲ್ಲದಿರುವುದು, ಇಷ್ಟೇ ಸುಖದ ತುತ್ತತುದಿ. ಹಸಿವು, ಬಾಯಾರಿಕೆಗಳು ಸಹಜವೂ ಅಗತ್ಯವೂ ಆದ ಬಯಕೆಗಳು, ಸುಲಭವಾಗಿ ತೀರುತ್ತವೆ. ಮೃಷ್ಟಾನ್ನದ ಆಸೆ ಸಹಜ, ಆದರೆ ಅಗತ್ಯವಲ್ಲ. ಕೀರ್ತಿ, ಅಧಿಕಾರಗಳ ಹಂಬಲ ಸಹಜವೂ ಅಲ್ಲ, ಅಗತ್ಯವೂ ಅಲ್ಲ. ಅದಕ್ಕೆ ಕೊನೆಯೂ ಇಲ್ಲ. ಗೆಳೆತನಕ್ಕೆ ಮಾತ್ರ ಅವನು ಎಲ್ಲಕ್ಕಿಂತ ಹೆಚ್ಚಿನ ಬೆಲೆ ಕೊಟ್ಟ.

ಸಾವಿನ ವಿಚಾರಕ್ಕೆ ಆಧಾರ ಹಿಂದಿನ ದಾರ್ಶನಿಕ ಡೆಮಾಕ್ರಿಟಸ್‌ನಿಂದ ಪಡೆದು ತಿದ್ದಿಕೊಂಡ ಪರಮಾಣುವಾದ. ಇರುವುದು ಪರಮಾಣುಗಳು ಮತ್ತು ಶೂನ್ಯ. ಆತ್ಮವೂ ದೇಹದ ತುಂಬ ಹರಡಿದ ಸೂಕ್ಷ್ಮ ಕಣಗಳ ಕೂಟ. ದೇಹ ಅಳಿದಾಗ ಅದೂ ಚೆದುರುತ್ತದೆ. ಒಳಿತು ಕೆಡಕುಗಳಿರುವುದು ಅನುಭವದಲ್ಲಿ. ಸತ್ತವನಿಗೆ ಅನುಭವವೇ ಇಲ್ಲವಾದ್ದರಿಂದ ಸಾವು ಅವನಿಗೆ ಕೇಡಾಗಲಾರದು. ದೇವತೆಗಳು ಇದ್ದಾರೆ, ಆದರೆ ಮನುಷ್ಯರ ಗೊಡವೆಗೆ ಬರುವುದಿಲ್ಲ. ಪಾತಾಳದ ಶಿಕ್ಷೆ ಬರಿಯ ಕಲ್ಪನೆ. ಸಾವಿನ ಕುರಿತ ಈ ವಾದಕ್ಕೆ ರೋಮನ್ ಕವಿ ಲುಕ್ರೀಷಿಯಸ್ ಇನ್ನೊಂದು ವಾದ ಜೋಡಿಸಿದ: ಹುಟ್ಟುವ ಮುಂಚಿನ ಅನಂತಕಾಲ ನಮ್ಮನ್ನು ಕಾಡದಿದ್ದರೆ, ಸತ್ತ ಮೇಲಿನದು ಏಕೆ ಕಾಡಬೇಕು?

ತರ್ಕ ಬಿಗಿಯಾಗಿದೆ. ಆದರೆ ಎಳೆಯ ವಯಸ್ಸಿನ ಸಾವು, ಅಗಲಿದವರಿಗಾಗಿ ಉಳಿದವರು ಪಡುವ ದುಃಖ, ಇವುಗಳೆದುರು ಅದು ಅಷ್ಟು ಗಟ್ಟಿಯಾಗಿ ನಿಲ್ಲುವುದಿಲ್ಲ. ರೋಮನ್ ವಾಗ್ಮಿ ಸಿಸೆರೊ ಚುಚ್ಚಿದ್ದು ಬೇರೆ ಕಡೆ. ಎಪಿಕ್ಯೂರಸ್ ತನ್ನ ಮರಣಶಾಸನದಲ್ಲಿ ತನ್ನ ಹುಟ್ಟುಹಬ್ಬವನ್ನು ನಡೆಸಿಕೊಂಡು ಬರಬೇಕೆಂದೂ, ತಾನೂ ಮೊದಲೇ ತೀರಿಕೊಂಡಿದ್ದ ಗೆಳೆಯ ಮೆಟ್ರೊಡೋರಸ್‌ನೂ ನೆನಪಾಗುವಂತೆ ಪ್ರತಿ ತಿಂಗಳ 20ರಂದು ಶಿಷ್ಯರು ಕೂಡಬೇಕೆಂದೂ ವಿಧಿಸಿದ್ದ. ಸಾವು ಏನೂ ಅಲ್ಲವೆಂದವನಿಗೆ ಈ ಏರ್ಪಾಡೇಕೆ ಎಂಬುದು ಸಿಸೆರೊನ ಪ್ರಶ್ನೆ. ಉಳಿದವರ ಗೆಳೆತನ ಕಾಯಲೆಂದು ಎನ್ನುವುದೇ ಇದಕ್ಕೆ ಒಪ್ಪುವ ಉತ್ತರವೆಂದು ತೋರುತ್ತದೆ.

ಕಲ್ಲಿನಿಂದ ಮೂತ್ರ ಕಟ್ಟಿ, 14 ದಿನ ನರಳಿ ಅವನು ತೀರಿಕೊಂಡ. ಕೊನೆಯ ದಿನ ಗೆಳೆಯ ಐಡೋಮೆನಿಯಸ್‌ಗೆ ಬರೆದ ಕಾಗದದಲ್ಲಿ ನೋವನ್ನು ಮರೆಮಾಚಿಲ್ಲ. ಹಳೆಯ ಮಾತುಕತೆಗಳ ನೆನಪು ಅದಕ್ಕೆ ಎದುರಾಗಿ ನಿಂತಿದೆ ಎಂದು ತಿಳಿಸಿ, ಮೆಟ್ರೊಡೋರಸ್‌ನ ಮಕ್ಕಳನ್ನು ನೋಡಿಕೊಳ್ಳುವಂತೆ ಕೇಳಿಕೊಂಡ. ಮರಣಶಾಸನದಿಂದ ಮೂಸ್ ಮೊದಲಾದ ಗುಲಾಮರಿಗೆ ಬಿಡುಗಡೆಯಾಯಿತು.

ಸುಮಾರು 300 ಸುರುಳಿಗಳಷ್ಟು ಬರೆದಿದ್ದನೆಂಬ ಪ್ರತೀತಿ. ಪೂರ್ಣವಾಗಿ ಉಳಿದವು ಜೀವನಚರಿತ್ರೆಕಾರ ಡಯಾಜೆನಿಸ್ ಲೇರ್ಷಿಯಸ್ ಉದ್ಧರಿಸಿದ 3 ಪತ್ರಗಳು ಮತ್ತು 40 ಸೂತ್ರಗಳು. ನೀತಿವಿಚಾರ ಬಂದಿರುವುದು ಮೆನೀಸಿಯಸ್‌ಗೆ ಬರೆದ ಪತ್ರದಲ್ಲಿ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಉಗುಳಿದ ಬೂದಿಯಡಿ ಕರಕಲಾದ ಹರ್ಕುಲೇನಿಯಮ್‌ನ ಸುರುಳಿಗಳಲ್ಲಿ ಈ ಪಂಥದ ಫಿಲೊಡೀಮಸ್ ಸಾವಿನ ಬಗ್ಗೆ ಬರೆದ ಗ್ರಂಥದ ಭಾಗವೂ ಸಿಕ್ಕಿದೆ. ಇಂದಿನ ಟರ್ಕಿಯ ಈನೋಆಂಡದಲ್ಲಿ ಕ್ರಿ.ಶ. 2ನೆಯ ಶತಮಾನದ ವೃದ್ಧ ಅನುಯಾಯಿಯೊಬ್ಬ ದಾರಿಹೋಕರೂ ಓದಲೆಂದು ಎಪಿಕ್ಯೂರಸ್‌ನ ಬೋಧನೆಯನ್ನು ಗೋಡೆಯ ಮೇಲೆ ಕೆತ್ತಿಸಿದ್ದ. ಮುಂದೆ ಆ ಕಲ್ಲುಗಳನ್ನು ಬೇರೆ ಕಟ್ಟಡಗಳಿಗೆ ಬಳಸಿಕೊಂಡರು. 1884ರಿಂದೀಚೆಗೆ ಸುಮಾರು 300 ತುಣುಕುಗಳು ದೊರೆತಿವೆ.