ಒಂದು ಕೈಯಚ್ಚಿನ ಯಂತ್ರ, ಎರಡು ಪ್ರಕಾಶನ

ಪ್ಯಾರಿಸ್ಸಿನ ನಡುಮಧ್ಯೆ ಸೀನ್ ನದಿಯಲ್ಲಿ ಸೇಂಟ್ ಲೂಯಿ ಎಂಬ ಪುಟ್ಟ ದ್ವೀಪವಿದೆ. ಅಲ್ಲಿನ ಕೆ ದಾಂಜೂ ಬೀದಿಯ 29ನೇ ನಂಬರಿನ ಕಿರುಕೋಣೆಯೊಂದರಲ್ಲಿ, 1920ರ ದಶಕದ ಆರಂಭದಲ್ಲಿ, ಅಮೆರಿಕದ ಪತ್ರಕರ್ತ ವಿಲಿಯಂ ಬರ್ಡ್ ಕೈಯಿಂದ ನಡೆಸುವ ಹಳೆಯ ಅಚ್ಚಿನ ಯಂತ್ರವೊಂದನ್ನು ತಂದಿಟ್ಟುಕೊಂಡ. ಸುದ್ದಿಸಂಸ್ಥೆಯ ಕೆಲಸ ಅವನ ಹೊಟ್ಟೆಪಾಡು, ಅಚ್ಚಿನ ಕೆಲಸ ಬಿಡುವಿನ ಹುಚ್ಚು. ಯಂತ್ರ ಮತ್ತು ಮುದ್ರಕ ಇಬ್ಬರಿಗಷ್ಟೇ ಅಲ್ಲಿ ಜಾಗ. ಬಂದವರನ್ನು ಬರ್ಡ್ ಬೀದಿಯಲ್ಲೇ ನಿಂತು ಮಾತನಾಡಿಸಬೇಕಾಗುತ್ತಿತ್ತು ಎಂದು ಪುಸ್ತಕದಂಗಡಿ ನಡೆಸುತ್ತಿದ್ದ ಸಿಲ್ವಿಯಾ ಬೀಚ್ ನೆನಪಿಸಿಕೊಂಡಿದ್ದಾಳೆ. ಪ್ಯಾರಿಸ್ಸಿನ ಮೂರು ಗುಡ್ಡಗಳಾದ ಸೇಂಟ್ ಜೆನೆವೀವ್, ಮೊಂಪರ್ನಾಸ್, ಮೊಂಮಾರ್ತ್ರ್‌ಗಳನ್ನು ನೆನೆದು ಪ್ರಕಾಶನಕ್ಕೆ ‘ಥ್ರೀ ಮೌಂಟನ್ಸ್ ಪ್ರೆಸ್’ ಎಂದು ಹೆಸರಾಯಿತು.

ಯಾವ ಪುಸ್ತಕ ಅಚ್ಚು ಹಾಕಬೇಕೆಂಬುದನ್ನು ಕವಿ ಎಜ್ರಾ ಪೌಂಡ್ ವಹಿಸಿಕೊಂಡ. ಇಂಗ್ಲಿಷ್ ಗದ್ಯದ ಸದ್ಯದ ಸ್ಥಿತಿ ಏನು ಎಂಬ ವಿಚಾರಣೆಯಂತೆ ಆರು ಸಣ್ಣ ಪುಸ್ತಕಗಳ ಮಾಲೆಯನ್ನು ಯೋಜಿಸಿದ. ಪೌಂಡನ ಸ್ವಂತ ನೆನಪುಗಳು, ಫೋರ್ಡ್ ಮ್ಯಾಡಾಕ್ಸ್ ಫೋರ್ಡನ ಒಂದು ಗದ್ಯ, ವಿಲಿಯಂ ಕಾರ್ಲೋಸ್ ವಿಲಿಯಮ್ಸನ ‘ದ ಗ್ರೇಟ್ ಅಮೆರಿಕನ್ ನಾವೆಲ್’ ಸೇರಿದಂತೆ ಐದು 1923ರಲ್ಲಿ ಹೊರಬಂದವು. ಆರನೆಯದಕ್ಕೆ ಆಗಿನ್ನೂ ಹೆಸರಾಗದ ಅರ್ನೆಸ್ಟ್ ಹೆಮಿಂಗ್ವೆಯನ್ನು ಹಿಡಿದರು.

ಹೆಮಿಂಗ್ವೆಯ ಬಳಿ ಆಗ ಕೊಡಲು ಹೆಚ್ಚೇನೂ ಇರಲಿಲ್ಲ. 1922ರ ಡಿಸೆಂಬರಿನಲ್ಲಿ ಗಾರ್ ದ ಲಿಯೋನ್ ರೈಲು ನಿಲ್ದಾಣದಲ್ಲಿ ಅವನ ಹೆಂಡತಿಯ ಕೈಯಿಂದ ಹಸ್ತಪ್ರತಿಗಳ ಪೆಟ್ಟಿಗೆ ಕಳವಾಗಿತ್ತು. ಉಳಿದದ್ದು ಎರಡು ಕಥೆ: ಒಂದು ಸಂಪಾದಕರಿಗೆ ಕಳಿಸಿದ್ದರಿಂದ, ಇನ್ನೊಂದು ಪ್ರಕಟಿಸುವಂಥದ್ದಲ್ಲವೆಂದು ಲೇಖಕಿ ಗರ್ಟ್ರೂಡ್ ಸ್ಟೈನ್ ಹೇಳಿದ್ದಕ್ಕೆ ಮೇಜಿನ ಖಾನೆಯಲ್ಲಿ ಬಿದ್ದಿದ್ದರಿಂದ. ಹೊಸದಾಗಿ ಬರೆದ ಮತ್ತೊಂದನ್ನು ಸೇರಿಸಿ, ಹತ್ತು ಕವಿತೆಗಳ ಜೊತೆಗೆ, 1923ರಲ್ಲಿ ಅವನ ಮೊದಲ ಪುಸ್ತಕ ‘ಥ್ರೀ ಸ್ಟೋರೀಸ್ ಅಂಡ್ ಟೆನ್ ಪೊಯೆಮ್ಸ್’ 300 ಪ್ರತಿಗಳಲ್ಲಿ ಬಂತು. ಅದನ್ನು ಪ್ರಕಟಿಸಿದವನು ಬರ್ಡ್ ಅಲ್ಲ, ‘ಕಾಂಟ್ಯಾಕ್ಟ್’ ಪ್ರಕಾಶನದ ರಾಬರ್ಟ್ ಮೆಕ್ಆಲ್ಮನ್. ಮೊದಲ ಮುದ್ರಣಗಳ ಸಂಗ್ರಾಹಕರು ಮೊದಲು ಎಡವುವುದು ಇಲ್ಲಿಯೇ. ಎರಡು ಪ್ರಕಾಶನಗಳೂ ಒಂದೇ ವಿಳಾಸ ಬಳಸುತ್ತಿದ್ದವು, ಪುಸ್ತಕಪಟ್ಟಿಯನ್ನೂ ಒಟ್ಟಿಗೆ ಹೊರಡಿಸಿದ್ದವು. ಆದರೆ ಕಾಂಟ್ಯಾಕ್ಟಿನ ಈ ಪುಸ್ತಕ ಅಚ್ಚಾದದ್ದು ದಿಜೋನ್ ಊರಿನ ಮೋರಿಸ್ ದರಾಂತಿಯೇರ್ ಮುದ್ರಣಾಲಯದಲ್ಲಿ. ಜಾಯ್ಸನ ಕಾದಂಬರಿ ‘ಯುಲಿಸಿಸ್’ 1922ರಲ್ಲಿ ಅಚ್ಚಾದದ್ದೂ ಅಲ್ಲೇ. ಇಂಗ್ಲಿಷ್ ಬಾರದ ಕೈಗಳು ಇಂಗ್ಲಿಷಿನ ಅಚ್ಚುಮೊಳೆ ಜೋಡಿಸಿದ ಕಾಲ ಅದು. ಅಲ್ಲೇ ಅಚ್ಚಾದ ಮೀನಾ ಲಾಯ್‌ಳ ಕವನಸಂಕಲನದ ಶೀರ್ಷಿಕೆಯಲ್ಲೇ ‘ಬೇಡೆಕರ್’ ಎಂಬ ಹೆಸರಿನ ಕಾಗುಣಿತ ತಪ್ಪಿದೆ.

ಮಾಲೆಯ ಆರನೆಯದಾಗಿ ಬರ್ಡನ ಕೈಯಿಂದ ಬಂದದ್ದು ಹೆಮಿಂಗ್ವೆಯ 1924ರ ‘ಇನ್ ಅವರ್ ಟೈಮ್’. ಶೀರ್ಷಿಕೆಯಲ್ಲಿ ಒಂದೂ ದೊಡ್ಡಕ್ಷರವಿಲ್ಲ. ಒಳಗಿರುವುದು ಯುದ್ಧ, ಗೂಳಿಕಾಳಗ, ಗಲ್ಲುಶಿಕ್ಷೆಗಳ ಹದಿನೆಂಟು ತುಣುಕು ಚಿತ್ರಗಳು, ಒಟ್ಟು ಮೂವತ್ತು ಚಿಲ್ಲರೆ ಪುಟ. ಹೊರಗಿನ ರಟ್ಟಿನ ಮೇಲೆ ಪತ್ರಿಕೆಯ ತುಣುಕುಗಳನ್ನು ಅಡ್ಡಾದಿಡ್ಡಿ ಅಂಟಿಸಿದಂಥ ವಿನ್ಯಾಸ. ಮುನ್ನೂರು ಪ್ರತಿ ಮಾಡುವ ಲೆಕ್ಕವಿತ್ತು. ಮೊದಲಲ್ಲಿ ಹಾಕಿದ ಹೆಮಿಂಗ್ವೆಯ ಮುಖದ ಮರದಚ್ಚು ಕೈಯಲ್ಲಿ ಮಾಡಿದ ಕಾಗದದ ಹಿಂಬದಿಗೂ ಇಳಿದು ಎಷ್ಟೋ ಹಾಳೆಗಳು ಕೆಟ್ಟವು. ಮಾರಲು ಒಪ್ಪುವಂತೆ ಉಳಿದದ್ದು 170. ಆ ಪ್ರತಿಗಳಿಗೆ ಅಂಕಿ ಹಾಕಿದರು, ಕೆಟ್ಟವು ಗೆಳೆಯರ, ವಿಮರ್ಶಕರ ಕೈಸೇರಿದವು. ಇಪ್ಪತ್ತನೇ ಶತಮಾನದ ಬಲು ಬೇಡಿಕೆಯ ಮೊದಲ ಮುದ್ರಣಗಳಲ್ಲಿ ಒಂದರ ವಿರಳತೆಗೆ ಒಂದು ಪಾಲು ಕಾರಣ ಕಾಗದ ಹೀರಿಕೊಂಡ ಮಸಿ. ಬೇಕೆಂದೇ ಪ್ರತಿ ಕಡಿಮೆ ಮಾಡಿ ಬೆಲೆ ಏರಿಸುವ ಪ್ರಕಾಶಕರ ಸಾಲಿಗೆ ಬರ್ಡನನ್ನು ಸೇರಿಸುವುದು ಅಷ್ಟು ಸರಿಯಲ್ಲ.

ಮರುವರ್ಷ, 1925ರಲ್ಲಿ, ನ್ಯೂಯಾರ್ಕಿನ ಬೋನಿ ಅಂಡ್ ಲಿವರೈಟ್ ಅದೇ ಹೆಸರಿನ ಪುಸ್ತಕ ಹೊರತಂದಿತು, ಈ ಸಲ ದೊಡ್ಡಕ್ಷರದಲ್ಲಿ. ಪ್ಯಾರಿಸ್ಸಿನ ತುಣುಕುಗಳನ್ನು ಪೂರ್ಣ ಕಥೆಗಳ ನಡುನಡುವೆ ಸೇರಿಸಿದ ಅದು ಬೇರೆಯೇ ಪುಸ್ತಕ. ಅದಕ್ಕೂ ತನ್ನದೇ ಮೊದಲ ಮುದ್ರಣವಿದೆ, ಅದಕ್ಕೂ ಬೆಲೆಯಿದೆ. ಹಾಗಾಗಿ ಮಾರಾಟಪಟ್ಟಿಯಲ್ಲಿ ಬರೀ ಹೆಸರು ನೋಡಿ ಹಣ ಕೊಟ್ಟವನಿಗೆ ಊರು, ವರ್ಷ, ಅಕ್ಷರದ ಗಾತ್ರ ಮೂರನ್ನೂ ನೋಡಬೇಕಿತ್ತೆಂದು ಆಮೇಲೆ ತಿಳಿಯುತ್ತದೆ.

1925ರಲ್ಲೇ ಬರ್ಡ್ ತನ್ನ ಅತಿ ದೊಡ್ಡ ಸಾಹಸ ಮಾಡಿದ: ಪೌಂಡನ ‘ಕ್ಯಾಂಟೋಸ್’ನ ಮೊದಲ ಹದಿನಾರು ಸರ್ಗಗಳು, ಅಗಲ ಹಾಳೆಯಲ್ಲಿ, ಕೆಂಪು ಕಪ್ಪು ಎರಡು ಬಣ್ಣದಲ್ಲಿ, ಹೆನ್ರಿ ಸ್ಟ್ರೇಟರ್ ಬರೆದ ಅಲಂಕಾರದ ಮೊದಲಕ್ಷರಗಳೊಂದಿಗೆ. ಒಟ್ಟು 90 ಪ್ರತಿ: ಐದು ಜಪಾನಿ ಕಾಗದದಲ್ಲಿ, ಹದಿನೈದು ವಾಟ್ಮನ್ ಕಾಗದದಲ್ಲಿ, ಎಪ್ಪತ್ತು ರೋಮಾ ಕಾಗದದಲ್ಲಿ. ಹೀಗಾಗಿ ಒಂದೇ ಮುದ್ರಣದೊಳಗೂ ಮೂರು ಬಗೆಯ ಬೆಲೆ.

1928ರಲ್ಲಿ ಯಂತ್ರ ಕೈ ಬದಲಾಯಿಸಿತು. ಹಡಗು ಕಂಪನಿಯ ಮನೆತನದ ನ್ಯಾನ್ಸಿ ಕ್ಯುನಾರ್ಡ್ ಅದನ್ನು ಕ್ಯಾಸ್ಲನ್ ಮೊಳೆಗಳ ಸಮೇತ ಬರ್ಡನಿಂದ ಕೊಂಡು, ನಾರ್ಮಂಡಿಯ ರೇಯಾನ್‌ವಿಲ್ ಎಂಬ ಹಳ್ಳಿಯ ತನ್ನ ಮನೆಗೆ ಸಾಗಿಸಿ ‘ಅವರ್ಸ್ ಪ್ರೆಸ್’ ಶುರುಮಾಡಿದಳು. ಅವಳ ಕಾವ್ಯವನ್ನು ಪ್ರಕಟಿಸಿದ್ದ ವರ್ಜೀನಿಯಾ ಮತ್ತು ಲೆನಾರ್ಡ್ ವುಲ್ಫ್ ದಂಪತಿ, ಈ ಕೆಲಸಕ್ಕಿಳಿದರೆ ಕೈಯ ಮಸಿ ಹೋಗುವುದೇ ಇಲ್ಲವೆಂದು ಎಚ್ಚರಿಸಿದ್ದರು. ಜೊತೆಗೆ ಬಂದ ಫ್ರೆಂಚ್ ಮುದ್ರಕನ ಲೆಕ್ಕದಲ್ಲಿ ಈ ವಿದ್ಯೆಗೆ ಏಳು ವರ್ಷದ ಶಿಷ್ಯವೃತ್ತಿ ಬೇಕು, ಅದೂ ನೆಲ ಗುಡಿಸಿ ಬಿದ್ದ ಮೊಳೆ ಆಯುವುದರಿಂದ ಮೊದಲಾಗಿ. ಕ್ಯುನಾರ್ಡ್ ಅಷ್ಟು ಕಾಯಲಿಲ್ಲ.

ಪ್ರಕಾಶನ ಬೇಗನೆ ಪ್ಯಾರಿಸ್ಸಿನ ಗೇನೆಗೋ ಬೀದಿಗೆ ಬಂತು. 1930ರ ಬೇಸಿಗೆಯಲ್ಲಿ ಅವಳು ಮತ್ತು ಕವಿ ರಿಚರ್ಡ್ ಆಲ್ಡಿಂಗ್ಟನ್ ‘ಕಾಲ’ದ ಮೇಲೆ ಕವನಸ್ಪರ್ಧೆ ಸಾರಿದರು. ಬಹುಮಾನ ಹತ್ತು ಪೌಂಡು. ಬಂದ ಕವಿತೆಗಳು ಸಪ್ಪೆ. ಗಡುವಿನ ದಿನ ವಿಷಯ ತಿಳಿದ ಇಪ್ಪತ್ನಾಲ್ಕರ ಐರಿಶ್ ತರುಣನೊಬ್ಬ ರಾತ್ರಿಯೆಲ್ಲ ಕೂತು, ತತ್ವಜ್ಞಾನಿ ಡೆಕಾರ್ಟನ ಬದುಕಿನ ಮೇಲೆ 98 ಸಾಲು ಬರೆದು ಬಾಗಿಲ ಅಂಚೆಪೆಟ್ಟಿಗೆಗೆ ಹಾಕಿ ಹೋದ. ಅವನು ಸ್ಯಾಮ್ಯುಯೆಲ್ ಬೆಕೆಟ್. ಕವಿತೆಯ ಹೆಸರು ‘ಹೋರೋಸ್ಕೋಪ್’ (Whoroscope), ಜಾತಕವೆಂಬ ಅರ್ಥದ ಪದದ ಮೇಲೊಂದು ಪೋಲಿ ಶ್ಲೇಷೆ. ಕೆಂಪು ಹೊದಿಕೆಯ ಆ ತೆಳು ಪುಸ್ತಿಕೆ ಬೆಕೆಟನ ಹೆಸರಿನಲ್ಲಿ ಬಿಡಿಯಾಗಿ ಪ್ರಕಟವಾದ ಮೊದಲ ಕೃತಿ. 100 ಸಹಿ ಮಾಡಿದ ಪ್ರತಿ ತಲಾ ಐದು ಷಿಲಿಂಗ್, 200 ಸಹಿಯಿಲ್ಲದವು ಒಂದು ಷಿಲಿಂಗ್. ಬಹುಮಾನದ ಸುದ್ದಿ ಅಚ್ಚಾದ ಬಿಳಿ ಕಾಗದದ ಪಟ್ಟಿಯೊಂದನ್ನು ಪುಸ್ತಿಕೆಗೆ ಸುತ್ತಿದ್ದರು. ಓದುಗ ಮೊದಲು ಹರಿದೆಸೆಯುವುದು ಅದನ್ನೇ. ಆದ್ದರಿಂದಲೇ ಪಟ್ಟಿ ಉಳಿದ ಪ್ರತಿಗೆ ಸಂಗ್ರಾಹಕರಲ್ಲಿ ಬೇರೆ ಮರ್ಯಾದೆ.

ಪುಟಗಳ ಮಡಿಕೆ ಕತ್ತರಿಸದೆ ಉಳಿದ ಪ್ರತಿಗಳಿಗೂ ಇದೇ ಮಾತು ಸಲ್ಲುತ್ತದೆ. ಚಾಕು ಆಡದ ಪುಸ್ತಕವೆಂದರೆ ಯಾರೂ ಓದದ ಪುಸ್ತಕ. ಓದದಿರುವುದೇ ಬೆಲೆಯಾಗುವುದು ಈ ಹವ್ಯಾಸದ ವಿಚಿತ್ರ. ಇದಕ್ಕೆ ತದ್ವಿರುದ್ಧವಾಗಿ, ಲೇಖಕ ಗೆಳೆಯನಿಗೆ ಬರೆದುಕೊಟ್ಟ, ಕೈಯಾಡಿ ಮಾಸಿದ ಪ್ರತಿ ಹೊಸದಾಗಿ ಉಳಿದದ್ದನ್ನೂ ಮೀರಿಸಬಹುದು.

1931ರಲ್ಲಿ ಅವರ್ಸ್ ಪ್ರೆಸ್ ನಿಂತಿತು. ಅಷ್ಟರಲ್ಲಿ ಹೊರಬಂದ ಪುಸ್ತಕ ಎರಡು ಡಜನ್ನಿನಷ್ಟು. ಕ್ಯುನಾರ್ಡಳ ಗಮನವೆಲ್ಲ ಕಪ್ಪು ಜನರ ಬದುಕು, ಕಲೆಗಳ ಬೃಹತ್ ಸಂಕಲನದತ್ತ ಹರಿದಿತ್ತು. ಅದು 1934ರಲ್ಲಿ ಪ್ರಕಟವಾಯಿತು. ಎರಡನೇ ಮಹಾಯುದ್ಧದಲ್ಲಿ ರೇಯಾನ್‌ವಿಲ್ ಮನೆ ಲೂಟಿಯಾಗಿ ಅಲ್ಲಿದ್ದ ಪುಸ್ತಕ, ಕಾಗದಪತ್ರಗಳು ನಾಶವಾದವು. ಮೊದಲೇ ಕೆಲವು ನೂರರಲ್ಲಿದ್ದ ಪ್ರತಿಗಳ ಲೆಕ್ಕ ಇನ್ನೂ ಇಳಿಯಿತು. ಪ್ರಕಾಶನದ ಕಥೆಯನ್ನು ಅವಳೇ ಬರೆದಿಟ್ಟಿದ್ದಳು. ಅದು ಅಚ್ಚಾದದ್ದು ಅವಳು ತೀರಿಕೊಂಡ ನಾಲ್ಕು ವರ್ಷದ ಮೇಲೆ, 1969ರಲ್ಲಿ.