ಮಂಜರಾಬಾದಿನ ಕೋಟೆ ಮತ್ತು ಮೊಬೈಲಿನ ಬೀಗ

ಸಕಲೇಶಪುರದಿಂದ ಮಂಗಳೂರಿನ ಕಡೆ ಹೊರಟರೆ ದೋಣಿಗಾಲಿನ ಬಳಿ, ಗುಡ್ಡದ ಮೇಲೆ ಮಂಜರಾಬಾದ್ ಕೋಟೆ ಇದೆ. ಟಿಪ್ಪು ಸುಲ್ತಾನ್ ಕಟ್ಟಿಸಿದ ಈ ಕೋಟೆ 1792ರಲ್ಲಿ ಪೂರ್ಣಗೊಂಡಿತು. ಮೇಲಿನಿಂದ ನೋಡಿದರೆ ಎಂಟು ಮೂಲೆಗಳ ನಕ್ಷತ್ರ! ಈ ಆಕಾರ ಅಲಂಕಾರಕ್ಕಾಗಿ ಅಲ್ಲ. ದುಂಡು ಬುರುಜಿನ ಬುಡಕ್ಕೆ ಬಂದು ನಿಂತ ಶತ್ರು ಮೇಲಿದ್ದವರಿಗೆ ಕಾಣುವುದಿಲ್ಲ. ನಕ್ಷತ್ರದ ಪ್ರತಿ ಮೂಲೆಯಿಂದಲೂ ಪಕ್ಕದ ಗೋಡೆಯ ಬುಡ ಕಾಣುತ್ತದೆ. ಇದರೊಳಗೆ ಗುಪ್ತ ಸುರಂಗವಿದೆ ಎಂಬ ಕಥೆಯನ್ನು ಊರವರು ಹೇಳುವುದುಂಟು. ಆದರೆ ಕೋಟೆಯ ಬಲವಿರುವುದು ಯಾರು ಬೇಕಾದರೂ ನೋಡಬಹುದಾದ ಜ್ಯಾಮಿತಿಯಲ್ಲಿ. ವಿನ್ಯಾಸ ಶತ್ರುವಿಗೆ ತಿಳಿದರೂ ರಕ್ಷಣೆ ಕುಂದುವುದಿಲ್ಲ.

ಇದಕ್ಕೂ ನಿಮ್ಮ ಜೇಬಿನ ಸ್ಮಾರ್ಟ್‌ಫೋನಿಗೂ ಏನು ಸಂಬಂಧ? ನೋಡೋಣ.

ಮಾಹಿತಿಯನ್ನು ಗೂಢಲಿಪಿಗೆ ಪರಿವರ್ತಿಸುವ ವಿಧಾನವು ಶತ್ರುವಿನ ಕೈಸೇರಿದರೂ ತೊಂದರೆಯಾಗಬಾರದು. ಗುಟ್ಟೆಲ್ಲ ಕೀಲಿಕೈಯಲ್ಲಿ ಮಾತ್ರ ಇರಬೇಕು. ಈ ತತ್ತ್ವವನ್ನು 1883ರಲ್ಲಿ ಆಗಸ್ಟ್ ಕೆರ್ಕಾಫ್ಸ್ ಫ್ರೆಂಚ್ ಸೈನಿಕ ಪತ್ರಿಕೆಯೊಂದರಲ್ಲಿ ಮಂಡಿಸಿದ. ಮೊಬೈಲ್ ಯುಗದ ಆರಂಭದಲ್ಲಿ ತಜ್ಞರು ಇದನ್ನು ಕಡೆಗಣಿಸಿದರು. ಜಿಎಸ್‌ಎಂ ಫೋನುಗಳ ಮಾತನ್ನು ಗಾಳಿಯಲ್ಲಿ ಕಾಯಲು 1987ರಲ್ಲಿ ರೂಪಿಸಿದ ‘ಎ5/1’ ವಿಧಾನವನ್ನೇ ಗುಟ್ಟಾಗಿ ಇಟ್ಟರು. 1994ರಲ್ಲಿ ಅದರ ರೂಪುರೇಷೆ ಸೋರಿತು. 1999ರಲ್ಲಿ ಪೂರ್ಣ ವಿವರ ಬಯಲಾಯಿತು. ಅಲೆಕ್ಸ್ ಬಿರ್ಯುಕೊವ್, ಆದಿ ಶಮೀರ್ ಮತ್ತು ಡೇವಿಡ್ ವ್ಯಾಗ್ನರ್ ಸಾಮಾನ್ಯ ಕಂಪ್ಯೂಟರಿನಲ್ಲೇ ಅದನ್ನು ಒಡೆಯುವ ದಾರಿ ತೋರಿಸಿದರು.

ಇದಕ್ಕೆ ತದ್ವಿರುದ್ಧವಾದ ದಾರಿ ಹಿಡಿದದ್ದು ‘ಎಇಎಸ್’. 1997ರಲ್ಲಿ ಅಮೆರಿಕದ ಮಾನಕ ಸಂಸ್ಥೆ ಜಗತ್ತಿಗೆಲ್ಲ ಆಹ್ವಾನ ನೀಡಿತು. ಸ್ಪರ್ಧೆಗಿಳಿದ 15 ವಿಧಾನಗಳನ್ನು ಬಹಿರಂಗವಾಗಿಯೇ ಒಡೆಯಲು ಪ್ರಯತ್ನಿಸಲಾಯಿತು. ಬೆಲ್ಜಿಯಮ್ಮಿನ ಯೋನ್ ದಾಮೆನ್ ಮತ್ತು ವಿನ್ಸೆಂಟ್ ರೈಮೆನ್ ಅವರ ವಿಧಾನ 2000ದಲ್ಲಿ ಆಯ್ಕೆಯಾಗಿ 2001ರಲ್ಲಿ ಮಾನಕವಾಯಿತು. ಇಂದಿನ ಫೋನುಗಳೊಳಗಿನ ಮಾಹಿತಿಯನ್ನು ಕಾಯುವುದು ಹೆಚ್ಚಾಗಿ ಇದೇ. 128 ಬಿಟ್‌ಗಳ ಕೀಲಿಕೈಗೆ ಸುಮಾರು 3.4 × 10³⁸ ಸಾಧ್ಯತೆಗಳಿವೆ. ಸೆಕೆಂಡಿಗೆ ಲಕ್ಷ ಕೋಟಿಯಂತೆ ಪರೀಕ್ಷಿಸಿದರೂ ಎಲ್ಲವನ್ನೂ ಮುಗಿಸಲು 10¹⁹ ವರ್ಷಗಳು ಬೇಕು. ವಿಶ್ವದ ವಯಸ್ಸು ಕೇವಲ 1.38 × 10¹⁰ ವರ್ಷ!

ಹಾಗಾದರೆ ನಿಶ್ಚಿಂತೆಯೇ? ಇಲ್ಲಿ ನನ್ನದೇ ತಪ್ಪೊಂದನ್ನು ಹೇಳಬೇಕು. ಕೆಲವು ವರ್ಷಗಳ ಹಿಂದೆ ಆಲೂರಿನಿಂದ ಸಕಲೇಶಪುರಕ್ಕೆ ಬರುವಾಗ ನನ್ನ ಫೋನು ಬಸ್ಸಿನಲ್ಲೇ ಉಳಿಯಿತು. ಮೂರು ಗಂಟೆಗಳ ನಂತರ ಕಂಡಕ್ಟರರು ಅದನ್ನು ಜೋಪಾನವಾಗಿ ಹಿಂದಿರುಗಿಸಿದರು. ಆ ಮೂರು ಗಂಟೆ ನನ್ನನ್ನು ಕಾಡಿದ್ದು ಫೋನಿನ ಬೆಲೆಯಲ್ಲ. ವಿದ್ಯಾರ್ಥಿವೇತನದ ಅರ್ಜಿಗಳಿಗಾಗಿ ತೆಗೆದ ಮಕ್ಕಳ ಆಧಾರ್ ಮತ್ತು ಅಂಕಪಟ್ಟಿಗಳ ಚಿತ್ರಗಳು ಅದರಲ್ಲಿದ್ದವು. ಪಿನ್ ಆಗಿ ಇಟ್ಟಿದ್ದು ನನ್ನ ಹುಟ್ಟಿದ ವರ್ಷ!

ಲೆಕ್ಕ ಹಾಕಿ. ನಾಲ್ಕಂಕಿಯ ಪಿನ್‌ಗಳು 10,000. ಸೆಕೆಂಡಿಗೊಂದರಂತೆ ಒತ್ತಿದರೆ ಎಲ್ಲವೂ 2 ಗಂಟೆ 47 ನಿಮಿಷಗಳಲ್ಲಿ ಮುಗಿಯುತ್ತವೆ. ಹುಟ್ಟಿದ ವರ್ಷವೆಂದು ಊಹಿಸಿದರೆ ನೂರೇ ಸಾಧ್ಯತೆಗಳು. ಎರಡು ನಿಮಿಷವೂ ಬೇಡ. ಆರಂಕಿಯಾದರೆ ಹನ್ನೊಂದೂವರೆ ದಿನಗಳು. ಅದಕ್ಕೇ ಫೋನುಗಳು ಕೆಲವು ತಪ್ಪು ಪ್ರಯತ್ನಗಳ ನಂತರ ಕಾಯುವಂತೆ ಮಾಡುತ್ತವೆ. ಈ ಕಾವಲಿಗೂ ನೆರವಾಗುವ ಪ್ರತ್ಯೇಕ ಘಟಕವೊಂದು 2013ರಲ್ಲಿ ಐಫೋನ್ 5ಎಸ್‌ನಲ್ಲಿ ಬಂತು. ಆದರೆ ಮೊದಲ ಹತ್ತು ಊಹೆಗಳಲ್ಲೇ ಸಿಕ್ಕಿಬಿಡುವ ಪಿನ್ನನ್ನು ಯಾವ ಕಾವಲೂ ಉಳಿಸದು. ಬೀಗ ಎಷ್ಟೇ ಗಟ್ಟಿಯಾಗಿರಲಿ, ಕೀಲಿಕೈ ನಮ್ಮ ಕೈಯಲ್ಲಿದೆ.

ನಮ್ಮ ಗುಡ್ಡಗಳಲ್ಲಿ ಸಿಗ್ನಲ್ ಸಿಗುವುದು ತೋಟದ ಯಾವುದೋ ಒಂದು ದಿಣ್ಣೆಯ ಮೇಲೆ. ಅಲ್ಲಿ ನಿಂತು ಒಟಿಪಿಯನ್ನು ಜೋರಾಗಿ ಓದಿ ಹೇಳುವವರನ್ನು ನೀವೂ ಕಂಡಿರಬಹುದು. ಗೋಡೆ ಒಡೆಯಲಾಗದ ವಂಚಕ ಕರೆ ಮಾಡಿ ಬಾಗಿಲು ತೆರೆಸುತ್ತಾನೆ. ಬ್ಯಾಂಕಿನವರೆಂದು ಹೇಳಿಕೊಂಡು ಕೇಳಿದರೂ ಒಟಿಪಿ ಹೇಳಬಾರದು. ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಸಿಮ್‌ಗೂ ಪ್ರತ್ಯೇಕ ಪಿನ್ ಇಡಬಹುದೆಂಬುದು ಹಲವರಿಗೆ ತಿಳಿಯದು. ಅದಿಲ್ಲದಿದ್ದರೆ ಕಳೆದ ಫೋನಿನ ಸಿಮ್ಮನ್ನು ಬೇರೊಂದು ಫೋನಿಗೆ ಹಾಕಿ ನಿಮ್ಮ ಒಟಿಪಿಗಳನ್ನು ಪಡೆಯಬಹುದು.

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಹೂಡಿದ ದಾವೆಯಲ್ಲಿ, ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರ ಪೀಠ 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕು ಎಂದು ಸಾರಿತು. ಹಕ್ಕು ನಮ್ಮದು ಮಾತ್ರವಲ್ಲ, ನಮ್ಮನ್ನು ನಂಬಿ ದಾಖಲೆ ಕೊಟ್ಟ ಮಕ್ಕಳದ್ದೂ ಹೌದು. ಅರ್ಜಿ ಸಲ್ಲಿಸಿದ ದಿನವೇ ಆ ಚಿತ್ರಗಳನ್ನು ಅಳಿಸುವ ಅಭ್ಯಾಸ ನನಗೀಗ ಇದೆ. ಪಿನ್ ಆರಂಕಿಯದಾಗಿದೆ.

ಮುಂದಿನ ಬಾರಿ ವಿದ್ಯಾರ್ಥಿಗಳನ್ನು ಮಂಜರಾಬಾದಿಗೆ ಕರೆದೊಯ್ದಾಗ ನಕ್ಷತ್ರದ ಮೂಲೆಗಳನ್ನು ತೋರಿಸಿ. ಹಾಗೆಯೇ ಕೋಟೆಯ ಬಾಗಿಲನ್ನೂ ತೋರಿಸಿ, ಅದನ್ನು ಕಾಯುವ ಕೆಲಸ ಯಾರದೆಂದು ಅವರನ್ನೇ ಕೇಳಿ.